ಐವಿಎಫ್ ಮಾಮೂಲಿ ಚಿಕಿತ್ಸೆಯಾಗುವುದು ಒಳಿತೇ?

ಪರ

ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬದಿದ್ದರೆ ನಮ್ಮ ಸಮಾಜ ಮೊದಲು ಬೆರಳು ತೋರಿಸುವುದು ಹೆಣ್ಣಿನ ಕಡೆಗೇ. ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಅವಳನ್ನು ಕರೆಯಲು ಹಿಂಜರಿಯುವ ಮನೆಗಳು ಇಂದಿಗೂ ಇವೆ. ಇಂಥ ದಂಪತಿಗಳಿಗಾಗಿಯೇ ಇರುವುದು ಐವಿಎಫ್, ಅಂದರೆ ಅಂಡಾಣು ಮತ್ತು ವೀರ್ಯಾಣುಗಳನ್ನು ದೇಹದ ಹೊರಗೆ ಪ್ರಯೋಗಾಲಯದಲ್ಲಿ ಕೂಡಿಸಿ, ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ. ಕೊರತೆ ಗಂಡಸಿನಲ್ಲೂ ಇರಬಹುದೆಂದು ಪ್ರಯೋಗಾಲಯದ ವರದಿ ತೋರಿಸಿಕೊಟ್ಟಿತು. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಕ್ಕೆ ಸೇರಿಸುವ ಇಕ್ಸಿ ವಿಧಾನ 1992ರಿಂದೀಚೆಗೆ ಅದಕ್ಕೊಂದು ದಾರಿಯನ್ನೂ ಮಾಡಿತು.

1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಭಾರತದ ಮೊದಲ ಪ್ರನಾಳ ಶಿಶು (ಐವಿಎಫ್‌ನಿಂದ ಹುಟ್ಟಿದ ಮಗು) ಹುಟ್ಟಿದಾಗ, ಅದನ್ನು ಸಾಧಿಸಿದ ವೈದ್ಯ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಮಾತನ್ನು ಸರ್ಕಾರ ನೇಮಿಸಿದ ಸಮಿತಿ ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಈ ವಿದ್ಯೆ ಎಲ್ಲೆಡೆ ಹರಡಿದ ಮೇಲೆಯೇ ಅದಕ್ಕೆ ಕಾನೂನಿನ ಅಂಕೆಯೂ ಬಂದಿತು. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆಯ ಪ್ರಕಾರ, ದಾನಿಯ ಅಂಡಾಣುವಿನಿಂದ ಹುಟ್ಟಿದ ಮಗುವೂ ಆ ದಂಪತಿಯ ಸ್ವಂತ ಮಗುವೇ, ಅದಕ್ಕೆ ಎಲ್ಲ ಹಕ್ಕುಗಳೂ ಉಂಟು.

‘ದತ್ತು ತೆಗೆದುಕೊಳ್ಳಬಾರದೇ?’ ಎಂದು ಕೇಳುವವರು ಆ ಪ್ರಶ್ನೆಯನ್ನು ಸಹಜವಾಗಿ ಹೆತ್ತವರಿಗೆ ಎಂದೂ ಕೇಳುವುದಿಲ್ಲ. ಅನಾಥ ಮಕ್ಕಳ ಹೊಣೆಯನ್ನು ಮಕ್ಕಳಿಲ್ಲದವರ ತಲೆಗೆ ಮಾತ್ರ ಕಟ್ಟುವುದು ನ್ಯಾಯವಲ್ಲ. ಈ ಚಿಕಿತ್ಸೆ ಜಿಲ್ಲಾ ಆಸ್ಪತ್ರೆಗಳಿಗೂ ಬರಬೇಕು.

ವಿರೋಧ

ಗಂಡನಲ್ಲಿ ಕೊರತೆಯಿದ್ದರೂ ಸೂಜಿ ಚುಚ್ಚುವುದು ಹೆಂಡತಿಯ ಮೈಗೆ. ಹಲವು ದಿನ ಹಾರ್ಮೋನ್ ಚುಚ್ಚುಮದ್ದು ಪಡೆದು, ಅರಿವಳಿಕೆಯಲ್ಲಿ ಅಂಡಾಣು ತೆಗೆಸಿಕೊಂಡು, ಭ್ರೂಣ ಗರ್ಭಕೋಶದಲ್ಲಿ ನೆಲೆಯೂರುವುದೋ ಇಲ್ಲವೋ ಎಂದು ಕಾಯುವವಳು ಅವಳೇ. ಕೆಲವೊಮ್ಮೆ ಅಂಡಾಶಯ ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯವಾಗುವುದುಂಟು. ಚಿಕಿತ್ಸೆ ಅಪರೂಪವಾಗಿದ್ದಾಗ ‘ನಮಗೆ ಮಕ್ಕಳಿಲ್ಲ’ ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅದು ಮಾಮೂಲಿಯಾದ ಕೂಡಲೇ ‘ಇನ್ನೊಂದು ಸಲ ಯಾಕೆ ಮಾಡಿಸಬಾರದು?’ ಎಂಬ ಒತ್ತಾಯ ಅತ್ತೆಮನೆಯಿಂದಲೂ ತವರಿನಿಂದಲೂ ಬರುತ್ತದೆ. ಸಾಕು ಎನ್ನುವ ಸ್ವಾತಂತ್ರ್ಯ ಅವಳಿಗೆ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಇದೇ ಅತಿ ದೊಡ್ಡ ಆಕ್ಷೇಪ.

ಅಂಡಾಣು ದಾನಿಯ ಸ್ಥಿತಿ ಇನ್ನೂ ಕಷ್ಟ. ವಯಸ್ಸು 23ರಿಂದ 35, ಜೀವಮಾನದಲ್ಲಿ ಒಂದೇ ಬಾರಿ, ಏಳಕ್ಕಿಂತ ಹೆಚ್ಚು ಅಂಡಾಣು ಕೂಡದು, ವಿಮೆ ಕಡ್ಡಾಯ ಎಂದು ಕಾಯ್ದೆ ಹೇಳುತ್ತದೆ, ಮಾರಾಟವಂತೂ ಅಪರಾಧ. ಆದರೆ ಬೇಡಿಕೆ ಏರಿದಂತೆ, ಮನೆ ಬಾಡಿಗೆ ಕಟ್ಟಲಾಗದ ಹೆಂಗಸು ದಲ್ಲಾಳಿಯ ಮಾತಿಗೆ ಒಪ್ಪಿ ಎರಡನೆಯ ಸಲ ಬೇರೆ ಊರಿನಲ್ಲಿ, ಬೇರೆ ಹೆಸರಿನಲ್ಲಿ ಅಂಡಾಣು ತೆಗೆಸಿಕೊಂಡರೆ ಅವಳನ್ನು ಕಾಯುವವರು ಯಾರು?

ಚಿಕಿತ್ಸಾ ಕೇಂದ್ರಗಳ ಜಾಹೀರಾತುಗಳಲ್ಲಿ ಯಶಸ್ಸಿನ ಪ್ರಮಾಣ ಎದ್ದು ಕಾಣುತ್ತದೆ. ಅದು ಗರ್ಭ ನಿಂತವರ ಲೆಕ್ಕವೋ, ಜೀವಂತ ಮಗುವಿನೊಡನೆ ಮನೆಗೆ ಹೋದವರ ಲೆಕ್ಕವೋ ಎಂಬುದನ್ನು ಮೊದಲ ಚುಚ್ಚುಮದ್ದಿಗೂ ಮುನ್ನ ಬರಹದಲ್ಲಿ ತಿಳಿಸದ ಕೇಂದ್ರಕ್ಕೆ ಅನುಮತಿಯೇ ಸಿಗಬಾರದು.