ಮೇಳದ ಸ್ತ್ರೀವೇಷ ಹೆಣ್ಣಿಗೇ ಸಿಗಬೇಕೇ?

ಪರ

ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ದಾಕ್ಷಾಯಿಣಿ, ಚಂದ್ರಮತಿ, ದಮಯಂತಿಯರು ಇಂದಿಗೂ ಬಹುಮಟ್ಟಿಗೆ ಗಂಡಸರ ಪಾಲು. ಇದಕ್ಕೆ ಹಿಂದಿನವರು ಕೊಡುತ್ತಿದ್ದ ಕಾರಣಗಳಿಗೂ ಕಲೆಗೂ ಸಂಬಂಧವಿಲ್ಲ: ಆರು ತಿಂಗಳ ತಿರುಗಾಟ, ಇರುಳಿಡೀ ಆಟ, ಎಲ್ಲರೂ ಒಟ್ಟಿಗೆ ಬಣ್ಣ ಹಚ್ಚುವ ಒಂದೇ ಚೌಕಿ. ಈಗ ಕಾಲಮಿತಿಯ ಆಟಗಳು ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಚೌಕಿಯ ಮಗ್ಗುಲಲ್ಲಿ ಇನ್ನೊಂದು ಮರೆ ಕಟ್ಟಿಸುವುದು ಯಜಮಾನರಿಗೆ ಆಗದ ಕೆಲಸವಲ್ಲ. ಲೀಲಾವತಿ ಬೈಪಾಡಿತ್ತಾಯರು ಪತಿಯೊಂದಿಗೆ ಮೇಳದ ತಿರುಗಾಟ ಮಾಡಿ ಭಾಗವತಿಕೆಯನ್ನೇ, ಎಂದರೆ ಪದ್ಯ ಹಾಡಿ ಆಟ ನಡೆಸುವ ಹೊಣೆಯನ್ನೇ, ನಿಭಾಯಿಸಿದರು. ಇಡೀ ರಂಗವನ್ನು ನಡೆಸುವ ಸ್ಥಾನಕ್ಕೆ ಹೆಣ್ಣು ಸಲ್ಲುತ್ತಾಳಾದರೆ ವೇಷಕ್ಕೆ ಏಕೆ ಸಲ್ಲಬಾರದು?

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅರ್ಥಗಾರಿಕೆ. ಪದ್ಯ ಪ್ರಸಂಗಕರ್ತನದು; ಅದರ ಮೇಲಿನ ಮಾತು ವೇಷಧಾರಿಯದು, ರಂಗದಲ್ಲಿ ಆ ಹೊತ್ತಿಗೆ ಹುಟ್ಟುವಂಥದ್ದು. ಕರೆಯಿಲ್ಲದ ಯಜ್ಞಕ್ಕೆ ಹೊರಟ ದಾಕ್ಷಾಯಿಣಿ, ತವರಿಗೆ ಹೋಗಲು ಮಗಳಿಗೆ ಆಮಂತ್ರಣ ಬೇಕೇ ಎಂದು ಶಿವನೊಂದಿಗೆ ವಾದಕ್ಕೆ ನಿಲ್ಲುತ್ತಾಳೆ. ಅಲ್ಲಿ ಅಪ್ಪನಿಂದಲೇ ಅವಮಾನವಾದ ಮೇಲೆ ಅವಳು ಆಡುವ ಮಾತಿನಲ್ಲಿ ಇಡೀ ಪ್ರಸಂಗದ ಜೀವವಿದೆ. ಆ ಮಾತನ್ನು ತಲೆಮಾರುಗಳಿಂದ ಗಂಡಸರೇ ಕಟ್ಟಿದ್ದಾರೆ, ಸೊಗಸಾಗಿಯೇ ಕಟ್ಟಿದ್ದಾರೆ. ಆದರೆ ತವರು ಬಿಟ್ಟು ಬಂದ ಹೆಣ್ಣೊಬ್ಬಳು ಅದೇ ಪದ್ಯಕ್ಕೆ ಯಾವ ಅರ್ಥ ಹೇಳುತ್ತಾಳೆ ಎಂದು ಕೇಳುವ ಭಾಗ್ಯ ಮೇಳದ ಪ್ರೇಕ್ಷಕನಿಗೆ ಒದಗಿದ್ದು ತೀರ ಕಡಿಮೆ.

ಮಹಿಳಾ ತಂಡಗಳು ದಶಕಗಳಿಂದ ಇವೆ, ನಿಜ. ಅಲ್ಲಿ ಕಲಿತವರಿಗೆ ಮೇಳದ ಸಂಬಳವಿಲ್ಲ, ದಿನವೂ ಆಟವಿಲ್ಲ. ನಿತ್ಯ ಗೆಜ್ಜೆ ಕಟ್ಟದೆ ಯಾರೂ ಸ್ತ್ರೀವೇಷಕ್ಕೆ ಹೆಸರಾದ ಕೋಳ್ಯೂರು ರಾಮಚಂದ್ರ ರಾಯರಂತೆ ಪಳಗಲಾರರು.

ವಿರೋಧ

ಬಣ್ಣದ ವೇಷಕ್ಕೆ ಯಾರೂ ರಕ್ಕಸನನ್ನು ಹುಡುಕಿಕೊಂಡು ಹೋಗುವುದಿಲ್ಲ. ಯಕ್ಷಗಾನದಲ್ಲಿ ಲೋಕದಲ್ಲಿರುವ ಹಾಗೆ ಯಾವುದೂ ಇಲ್ಲ. ಸ್ತ್ರೀವೇಷದ ನಡೆ, ಲಾಲಿತ್ಯ, ಕಣ್ಣಿನ ಸನ್ನೆ ಎಲ್ಲವೂ ಕಲಿತು ಬರಬೇಕಾದವು. ಹೆಣ್ಣಾಗಿ ಹುಟ್ಟಿದವಳಿಗೂ ಅವು ತಾನಾಗಿ ಬರುವುದಿಲ್ಲ. ಮಂಟಪ ಪ್ರಭಾಕರ ಉಪಾಧ್ಯರು ಏಕವ್ಯಕ್ತಿ ಪ್ರದರ್ಶನದಲ್ಲಿ ಅಷ್ಟನಾಯಿಕೆಯರನ್ನು, ಎಂದರೆ ಪ್ರೇಮದ ಎಂಟು ಅವಸ್ಥೆಗಳ ನಾಯಿಕೆಯರನ್ನು, ಒಬ್ಬರೇ ತೋರಿಸಿದ್ದು ಈ ಕಲಿಕೆಯ ಬಲದಿಂದ. ವೇಷವನ್ನು ಹುಟ್ಟಿನ ಲೆಕ್ಕದಲ್ಲಿ ಹಂಚತೊಡಗಿದರೆ ಈ ಪರಂಪರೆಯೂ ಇದನ್ನೇ ನಂಬಿದ ಕಲಾವಿದರ ಅನ್ನವೂ ಒಟ್ಟಿಗೆ ಹೋಗುತ್ತವೆ.

ಹೆಣ್ಣುಮಕ್ಕಳಿಗೂ ಇದರಿಂದ ನಷ್ಟವೇ. ಮಹಿಳಾ ತಂಡದಲ್ಲಿ ಅವರು ಅರ್ಜುನನನ್ನೂ ಮಹಿಷಾಸುರನನ್ನೂ ಕುಣಿದು ಅಭ್ಯಾಸವಾದವರು. ಕೇರಳದಲ್ಲಿ 1975ರಲ್ಲಿ ಹುಟ್ಟಿದ ತೃಪ್ಪೂಣಿತ್ತುರದ ಮಹಿಳಾ ಕಥಕಳಿ ತಂಡದಲ್ಲೂ ಗಂಡುಪಾತ್ರಗಳೆಲ್ಲ ಹೆಂಗಸರವೇ. ಸ್ತ್ರೀವೇಷ ಹೆಣ್ಣಿಗೇ ಎಂಬ ನಿಯಮ ಮೇಳಕ್ಕೆ ಬಂದ ಮರುದಿನವೇ ಅವಳ ಕೈಯಿಂದ ಗದೆ, ಬಿಲ್ಲು ಜಾರುತ್ತವೆ. ಸಖಿಯಾಗಿ, ಮೋಹಿನಿಯಾಗಿ ನಿಲ್ಲುವುದಷ್ಟೇ ಉಳಿಯುತ್ತದೆ. ಜನರೂ ಹೆಜ್ಜೆಯನ್ನು ಬಿಟ್ಟು ಮುಖದ ಚೆಲುವನ್ನು ಅಳೆಯತೊಡಗುತ್ತಾರೆ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುವ ಸಂಗತಿ.

ಹುಡುಗಿಯರನ್ನು ಮೇಳಕ್ಕೆ ಖಂಡಿತ ಸೇರಿಸಿಕೊಳ್ಳಲಿ. ಹುಡುಗರಂತೆಯೇ ಕಲಿಯುವವರ ವೇಷಗಳಾದ ಕೋಡಂಗಿ, ಬಾಲಗೋಪಾಲರಿಂದ ಅವರ ತಿರುಗಾಟ ಶುರುವಾಗಲಿ. ಕಾಲಿನಲ್ಲಿ ಚುರುಕಿದ್ದವಳಿಗೆ ಅಭಿಮನ್ಯು, ಬಬ್ರುವಾಹನನಂಥ ಎಳೆಯ ವೀರರ ಪುಂಡುವೇಷ, ಗಂಟಲಿನಲ್ಲಿ ಕಸುವಿದ್ದವಳಿಗೆ ಬಣ್ಣದ ವೇಷ, ಮಾತು ಬಲ್ಲವಳಿಗೆ ದಾಕ್ಷಾಯಿಣಿ ಅಥವಾ ದಕ್ಷ. ಯಾರಿಗೆ ಯಾವುದು ಹೊಂದುತ್ತದೆಂದು ಭಾಗವತರು ಅವರ ಆಟ ನೋಡಿ ಹೇಳಲಿ.