ಟಿವಿ ಕೊಟ್ಟವರು ಮಳೆಗಾಲದಲ್ಲೊಮ್ಮೆ ಬರಲಿ

ಹೊಸನಗರ ತಾಲ್ಲೂಕಿನ ನಮ್ಮೂರ ಅಂಗನವಾಡಿಗೆ ಮೂರು ವರ್ಷಗಳ ಹಿಂದೆ ಒಂದು ಕಂಪನಿಯವರು ದೊಡ್ಡ ಟಿವಿ ಕೊಟ್ಟರು. ಬಾಲವಿಕಾಸ ಸಮಿತಿಯ ಸದಸ್ಯನಾಗಿ ಅಂದಿನ ಫೋಟೊದಲ್ಲಿ ನಗುತ್ತ ನಿಂತವರಲ್ಲಿ ನಾನೂ ಒಬ್ಬ. ಆ ವರ್ಷದ ಪುನರ್ವಸು ಮಳೆಗೆ ಐದು ದಿನ ಕರೆಂಟ್ ಇರಲಿಲ್ಲ. ಮಳೆ ಹೊಳವಾದ ಮೇಲೆ ಸ್ವಿಚ್ ಒತ್ತಿದರೆ ಟಿವಿ ಹೊತ್ತಿಕೊಳ್ಳಲಿಲ್ಲ. ರಿಪೇರಿಯವರು ಶಿವಮೊಗ್ಗದಿಂದ ಬರಬೇಕು, ಅವರು ಬಂದುಹೋಗುವ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಟೀಚರ್ ಈಗ ಅದಕ್ಕೆ ಹಳೆಯ ಸೀರೆಯ ತುಂಡೊಂದನ್ನು ಹೊದಿಸಿಟ್ಟಿದ್ದಾರೆ.

ತಂತ್ರಜ್ಞಾನ ಬೇಡವೆನ್ನುವವನು ನಾನಲ್ಲ. ಕೊಳ್ಳುವ ದಿನ ಹಣ ಇರುತ್ತದೆ, ಕೆಟ್ಟ ದಿನ ಇರುವುದಿಲ್ಲ ಎಂಬುದಷ್ಟೇ ನನ್ನ ತಕರಾರು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣವನ್ನು ಮಾರ್ಚ್ ತಿಂಗಳೊಳಗೆ ಮುಗಿಸಿಬಿಡಬೇಕು, ವರ್ಷಗಟ್ಟಲೆ ನಿರ್ವಹಣೆ ನೋಡಿಕೊಳ್ಳುವುದಕ್ಕೆ ಅವಕಾಶವಿಲ್ಲ ಎಂಬ ಮಾತನ್ನು ಹಲವರಿಂದ ಕೇಳಿದ್ದೇನೆ. ಅದು ಸರಿಯಲ್ಲ. ಆರಂಭಿಸಿದ ವರ್ಷದ ನಂತರ ಇನ್ನೂ ಮೂರು ವರ್ಷ ನಡೆಯುವ ಯೋಜನೆಗೆ ನಿಯಮಗಳಲ್ಲೇ ದಾರಿಯಿದೆ. ತಾವು ವ್ಯವಹಾರ ನಡೆಸುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಆ ಕಾಯ್ದೆ ಹೇಳುವುದರಿಂದ, ದೊಡ್ಡ ಕಾರ್ಖಾನೆಗಳಿಲ್ಲದ ನಮ್ಮ ಕಾಡಂಚಿನ ಊರುಗಳ ಪಾಲಿಗೆ ಬರುವುದು ಹೇಗೂ ಕಡಿಮೆ.

ಇದರ ಜೊತೆಗೆ ದಾನಿಗಳು ತಲೆಲೆಕ್ಕ ಹಾಕುತ್ತಾರೆ. ಗುಡ್ಡಕ್ಕೊಂದು ಮನೆ, ಹೊಳೆಯಾಚೆಗೆ ನಾಲ್ಕು ಮನೆ ಎಂಬಂತಿರುವ ಮಲೆನಾಡಿನಲ್ಲಿ ಒಂದು ಕೇಂದ್ರಕ್ಕೆ ಎಂಟು ಮಕ್ಕಳು ಸಿಕ್ಕರೆ ಹೆಚ್ಚು. ಗುಡ್ಡಗಾಡಿನಲ್ಲಿ 150 ಜನರಿದ್ದರೂ ಮಿನಿ ಅಂಗನವಾಡಿ ತೆರೆಯಬಹುದೆಂಬ ಮಾನದಂಡವನ್ನು ಸರ್ಕಾರ ಇಟ್ಟದ್ದು ಇದನ್ನರಿತೇ. ದಾನಿಯ ಕಾಗದದಲ್ಲಿ ಮಾತ್ರ ಎಂಟು ಮಕ್ಕಳಿಗೊಂದು ಸೋಲಾರ್ ಘಟಕವೆಂದರೆ ದುಬಾರಿ. ಆಷಾಢದಲ್ಲಿ ಹಳ್ಳದ ಮೇಲಿನ ಕಾಲುಸಂಕ ದಾಟಿ ಬರಲಾರದ ಮಕ್ಕಳಂತೂ ಆ ಎಂಟರ ಲೆಕ್ಕದಲ್ಲೂ ಇರುವುದಿಲ್ಲ.

ಹಾಗೆ ನೋಡಿದರೆ ತಂತ್ರಜ್ಞಾನ ಅಂಗನವಾಡಿಗೆ ಈಗಾಗಲೇ ಬಂದಿದೆ, ಟೀಚರ್ ಕೈಯ ಮೊಬೈಲಿನಲ್ಲಿ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ, ತೂಕ, ಎತ್ತರ ಎಲ್ಲವನ್ನೂ ತುಂಬಬೇಕು. 2025ರ ಜುಲೈನಿಂದ ಮನೆಗೊಯ್ಯುವ ಆಹಾರಕ್ಕೂ ಫಲಾನುಭವಿಯ ಮುಖ ಫೋಟೊಗೆ ಹೊಂದಿಕೆಯಾಗಬೇಕು. ಸಿಗ್ನಲ್ ಸಿಗುವುದು ಗುಡ್ಡದ ತಲೆಯಲ್ಲಿ, ಬಾಣಂತಿ ಇರುವುದು ಕೆಳಗಿನ ಮನೆಯಲ್ಲಿ. ಮಕ್ಕಳಿಗೆ ಕಥೆ ಹೇಳಬೇಕಾದ ಹೊತ್ತು ಆ ಹತ್ತಿಳಿಯುವುದರಲ್ಲಿ ಕಳೆದುಹೋಗುತ್ತದೆ. ಟೀಚರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ತಿಂಗಳ ಗೌರವಧನ 2018ರಿಂದಲೂ 4,500 ರೂಪಾಯಿ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಆದ್ದರಿಂದ ಮೊದಲ ಹಣ ನೆಟ್‌ವರ್ಕಿಗೆ, ಒಳ್ಳೆಯ ಮೊಬೈಲಿಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಟೀಚರಿಗೆ ಉಳಿಯುವ ಪ್ರತಿ ಗಂಟೆಯೂ ಮಕ್ಕಳದ್ದೇ.

ಅದಾದ ಮೇಲೆ ಸೋರದ ಮಾಡು, ಬ್ಯಾಟರಿಯಿರುವ ಸೋಲಾರ್, ಪೆನ್‌ಡ್ರೈವ್ ಹಾಕುವ ಸಣ್ಣದೊಂದು ಸ್ಪೀಕರ್. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದೆಂದೂ ಸೇರಿಸಿದೆ. ಹಾಡಿಗೆ ಆ ಮಿತಿಯಿಲ್ಲ. ಮಲೆನಾಡಿನ ಬುಡಕಟ್ಟಾದ ಹಸಲರ ಕೇರಿಯ ಅಜ್ಜಿಯ ಹಾಡನ್ನು ಟೀಚರ್ ತಮ್ಮ ಮೊಬೈಲಿನಲ್ಲೇ ಹಿಡಿದು ಕೇಳಿಸಿದರೆ ಮಕ್ಕಳು ಎದ್ದು ಕುಣಿಯುತ್ತಾರೆ. ಟಿವಿ ಮುಂದೆ ಬಾಯಿ ತೆರೆದು ಕೂತಿದ್ದವರು ಇವರೇನಾ ಅನ್ನಿಸುತ್ತದೆ.

ಮೊನ್ನೆ ಇನ್ನೊಂದು ಕಂಪನಿಯವರು ಫೋನ್ ಮಾಡಿ ಎಷ್ಟು ಇಂಚಿನ ಟಿವಿ ಬೇಕೆಂದು ಕೇಳಿದರು. ಸಮಿತಿಯವರು ಕೂತು ಅರ್ಜಿ ಬರೆದು ಕಳಿಸಿದ್ದೇವೆ: ಮೊದಲು ಮಾಡಿನ ಹಂಚು, ಆಮೇಲೆ ಸೋಲಾರ್, ಅದರ ಮೂರು ವರ್ಷದ ರಿಪೇರಿ ಖರ್ಚು, ರಿಪೇರಿಯವರ ಬಸ್ ಚಾರ್ಜ್ ಸಹಿತ. ಟಿವಿ ಅದರಲ್ಲಿಲ್ಲ.