ಸರಾಸರಿ ಹೋಲಿಸುವ ಮೊದಲು ಆಟದ ವೇಗ ನೋಡಿ
ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ವಿಲ್ಟ್ ಚೇಂಬರ್ಲೇನ್‌ರ 50.4 (1961-62) ಮತ್ತು ಮೈಕಲ್ ಜೋರ್ಡನ್‌ರ 37.1 (1986-87), ಪಂದ್ಯಕ್ಕೆ ಗಳಿಸಿದ ಅಂಕಗಳ ಈ ಎರಡು ಸರಾಸರಿಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ವಿಲ್ಟ್ ಮೇಲು ಎಂದು ಬರೆದಿದ್ದೀರಿ. ಈ ಲೆಕ್ಕ ನಿಲ್ಲುವುದಿಲ್ಲ.

ಮೊದಲು ನಿಮಿಷ ಸರಿಮಾಡಿ. ವಿಲ್ಟ್ ಪಂದ್ಯಕ್ಕೆ 48.5 ನಿಮಿಷ ಆಡಿದರು. ಪಂದ್ಯ ಇರುವುದೇ 48 ನಿಮಿಷ, ಉಳಿದದ್ದು ಓವರ್‌ಟೈಮ್ (ಅಂಕ ಸಮವಾದಾಗ ಆಡುವ ಹೆಚ್ಚುವರಿ ಸಮಯ). ಜೋರ್ಡನ್ ಆಡಿದ್ದು ಸುಮಾರು 40. ನಲವತ್ತಕ್ಕೆ ಇಳಿಸಿದರೆ ವಿಲ್ಟ್ 41.6 ಆಗುತ್ತಾರೆ. ಆಮೇಲೆ ವೇಗ: ಆಗ ಒಂದು ತಂಡ ಪಂದ್ಯಕ್ಕೆ ಸುಮಾರು 108 ಸಲ ಬುಟ್ಟಿಗೆ ಎಸೆಯುತ್ತಿತ್ತು, 1986-87ರಲ್ಲಿ ಸುಮಾರು 89. ಆ ಅನುಪಾತದಿಂದ ಗುಣಿಸಿ, 34ರ ಆಸುಪಾಸಿಗೆ ಬರುತ್ತದೆ. ರೀಬೌಂಡ್ (ಗುರಿ ತಪ್ಪಿ ಚಿಮ್ಮಿದ ಚೆಂಡನ್ನು ಹಿಡಿಯುವುದು) ಕೂಡ ಹಾಗೆಯೇ: ಆಗ ಗುರಿ ತಪ್ಪಿದ ಎಸೆತಗಳೇ ಹೆಚ್ಚು, ಹಾಗಾಗಿ ಪಂದ್ಯಕ್ಕೆ 25.7 ಎಂಬ ವಿಲ್ಟ್ ಅವರ ಸಂಖ್ಯೆ ಸುಮಾರು 13ಕ್ಕೆ ಇಳಿಯುತ್ತದೆ. ಇದು ಒರಟು ಅಂದಾಜು, ನಿಜ. ಆದರೂ 48 ನಿಮಿಷ ನಿಂತು ಆಡುವ ಆ ತ್ರಾಣವನ್ನು ಯಾವ ಗುಣಾಕಾರವೂ ಹಿಡಿಯಲಾರದು, ಅದಕ್ಕೆ ನನ್ನ ನಮಸ್ಕಾರ.

ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು) ಮತ್ತು ಸ್ಟೀಲ್ (ಚೆಂಡು ಕಸಿಯುವುದು) ಲೆಕ್ಕ ಇಡತೊಡಗಿದ್ದೇ 1973-74ರಲ್ಲಿ. ಅಷ್ಟರಲ್ಲಿ ವಿಲ್ಟ್, ರಕ್ಷಣೆಗೆ ಹೆಸರಾದ ಬಿಲ್ ರಸೆಲ್ ಇಬ್ಬರೂ ಎನ್‌ಬಿಎಯಲ್ಲಿ ಆಡುವುದನ್ನು ಬಿಟ್ಟಾಗಿತ್ತು. ರಸೆಲ್‌ರ ರಕ್ಷಣೆಯನ್ನು ಅಂಕಿಪಟ್ಟಿಯಲ್ಲಿ ಹುಡುಕುವುದು ಅನ್ಯಾಯ.

ಮೂರು ಅಂಕದ ಗೆರೆಯೂ (ಅದರ ಹೊರಗಿನಿಂದ ಬುಟ್ಟಿಗೆ ಹಾಕಿದರೆ ಎರಡರ ಬದಲು ಮೂರು ಅಂಕ) ಒಂದೇ ಕಡೆ ಇರಲಿಲ್ಲ. 1994-95ರಿಂದ ಮೂರು ಸೀಸನ್ ಅದನ್ನು 22 ಅಡಿಗೆ ಹತ್ತಿರ ತಂದಿದ್ದರು. ಜೋರ್ಡನ್‌ರ ಮೂರು ಅಂಕದ ಎಸೆತಗಳ ಯಶಸ್ಸು 42.7 ಶೇಕಡಾ ಬಂದದ್ದು 1995-96ರಲ್ಲಿ, ಆ ಗೆರೆಯಿಂದ. 1997-98ರಲ್ಲಿ ಗೆರೆ ಮತ್ತೆ 23 ಅಡಿ 9 ಅಂಗುಲಕ್ಕೆ ಹೋಯಿತು, ಅವರ ಶೇಕಡಾ 23.8ಕ್ಕೆ ಬಿತ್ತು. ಮೂರು ಅಂಕದ ಎಸೆತಕ್ಕೆ ಹೆಸರಾದ ಸ್ಟೆಫ್ ಕರಿ ಜೊತೆ ಹೋಲಿಸುವಾಗ ಆ ಮೂರು ಸೀಸನ್‌ಗಳನ್ನು ಬೇರೆಯಾಗಿಯೇ ಇಡಿ.